ನನ್ನ ಗೋಪಣ್ಣನನ್ನು ಟಿವಿಯವರು ಚಂದ ಮಾಡಿದ್ದು

ಹೊಟ್ಟೆಕಿಚ್ಚಿಗೂ ಒಂದು ಮರ್ಯಾದೆ ಬೇಕು. ನಮ್ಮ ಶಹಾಪುರದಲ್ಲಿ ಜನ ಪಕ್ಕದ ಹೊಲದ ಹತ್ತಿ ನೋಡಿಯೋ, ಷಡ್ಡಕನ ಹೊಸ ಕಾರು ನೋಡಿಯೋ ಕರುಬುತ್ತಾರೆ, ಅದನ್ನು ಒಪ್ಪಬಹುದು. ನಾನು ಕರುಬುತ್ತಿರುವುದು ಹುಟ್ಟೇ ಇರದ ಮನುಷ್ಯನ ಮೇಲೆ. ಅದೂ ಮೊನ್ನೆ ಮೊನ್ನೆಯವರೆಗೆ ನನ್ನ ಜೀವದ ಗೆಳೆಯನಾಗಿದ್ದವನ ಮೇಲೆ.

ಅವನು ಪತ್ತೇದಾರ ಗೋಪಣ್ಣ. ಕಾಲೇಜಿನ ದಿನಗಳಿಂದಲೂ ಸುರಪುರದ ಲೈಬ್ರರಿಯಿಂದ ತಂದು ಅವನ ಕಾದಂಬರಿಗಳನ್ನೆಲ್ಲ ಓದಿದವನು ನಾನು. ಪುಸ್ತಕದ ಗೋಪಣ್ಣನಿಗೆ ಅರೆಬೋಳು ತಲೆ, ಮುಂದೆ ಬಂದ ಹೊಟ್ಟೆ, ಸಂಜೆಯಾದರೆ ಹುಳಿತೇಗು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ತೂಕಡಿಸುತ್ತಲೇ ಕೊಲೆಗಾರನನ್ನು ಪತ್ತೆ ಹಚ್ಚುತ್ತಾನೆ. ಓದುವಾಗಲೆಲ್ಲ ಕನ್ನಡಿ ನೋಡಿದಂತಾಗಿ ನನಗೊಂದು ಧೈರ್ಯ ಬರುತ್ತಿತ್ತು. ಸಂಜೆ ಹೆಂಡತಿ ಶಾಂತಾ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂತು ಅವನ ಕಥೆ ಹೇಳುತ್ತಿದ್ದೆ. ಎಂಥ ಜಾಗದಲ್ಲಿ ನಿಲ್ಲಿಸುತ್ತಿದ್ದೆನೆಂದರೆ, "ಮುಂದ?" ಎಂದು ಕೇಳುತ್ತ ಆಕೆ ರೊಟ್ಟಿಯನ್ನೇ ಹೊತ್ತಿಸಿಬಿಡುತ್ತಿದ್ದಳು. ಆ ಕರಿ ರೊಟ್ಟಿಯನ್ನು ನಾನು ಬೀಗುತ್ತ ತಿನ್ನುತ್ತಿದ್ದೆ.

ಆಮೇಲೆ ಅವನನ್ನು ಧಾರಾವಾಹಿ ಮಾಡಿದರು. ಅಲ್ಲಿಯ ಗೋಪಣ್ಣ ಆರಡಿ ಎತ್ತರ. ಕತ್ತರಿಸಿದ ಗಡ್ಡ, ಬುಲೆಟ್ ಗಾಡಿ. ಹುಳಿತೇಗಿನ ಸುದ್ದಿಯೇ ಇಲ್ಲ. ಶಾಂತಾ ಹೊತ್ತು ಇಳಿಯುವ ಮೊದಲೇ ರೊಟ್ಟಿ ಮುಗಿಸಿ ಟಿವಿ ಮುಂದೆ ಕೂರತೊಡಗಿದಳು.

"ಇದು ಪುಸ್ತಕದಾಗ ಇಲ್ಲ" ಎಂದು ನಾನು ಗೊಣಗಿದರೆ, "ನೀವು ಸುಮ್ ಕುಂದರ್ರಿ. ಪುಸ್ತಕದಾಗ ಇಲ್ಲಂದ್ರ ಅದು ಪುಸ್ತಕದ್ದ ತಪ್ಪು" ಎನ್ನುತ್ತಿದ್ದಳು.

ಒಂದು ಸಂಜೆ ಟಿವಿಯಲ್ಲಿ ಗೋಪಣ್ಣ ಅಂಗಿಯ ತೋಳು ಮಡಚಿಕೊಂಡ. "ಎಷ್ಟ್ ಚಂದ ಮಡಚ್ಯಾನ ನೋಡ್ರಿ" ಎಂದಳು ಶಾಂತಾ. ನನಗೆ ತಡೆಯಲಾಗಲಿಲ್ಲ.

"ಖೂನಿ ಮಾಡ್ದಾಂವ ಕಂಪೌಂಡರ್" ಎಂದು ಕಡೆಯ ಕಂತಿನ ಗುಟ್ಟನ್ನೇ ಒಡೆದುಬಿಟ್ಟೆ.

ಆಕೆ ಟಿವಿ ಆರಿಸಿ ಎದ್ದಳು. ಮರುದಿನ ಬ್ಯಾಗು ತುಂಬಿಕೊಂಡು ಗೋಗಿ ಊರಿನ ತನ್ನ ಅಕ್ಕನ ಮನೆಗೆ ಹೊರಟಳು. "ಕಡೀ ಕಂತು ಅಲ್ಲೇ ನೋಡ್ತೀನಿ. ಅಲ್ಲಿ ಬಾಯಿ ಮುಚ್ಕೊಂಡು ನೋಡೋ ಮಂದಿ ಅದಾರ."

ಕಡೆಯ ಕಂತನ್ನು ನಾನೊಬ್ಬನೇ ನೋಡಿದೆ. ಕೊಲೆಗಾರ ವಕೀಲ! ಕಂಪೌಂಡರ್ ಹಾರ ಹಾಕಿಕೊಂಡು ಮದುವೆಯಾಗುತ್ತಿದ್ದ. ಎದ್ದು ನಿಂತು ಟಿವಿಯನ್ನು ಬೈದೆ. ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲ.

ಶಾಂತಾ ತಿರುಗಿ ಬಂದವಳು ಬ್ಯಾಗನ್ನೂ ಕೆಳಗಿಡಲಿಲ್ಲ. "ಕಂಪೌಂಡರ್ ಅಂದಿದ್ರಲ್ಲ?"

"ಪುಸ್ತಕದಾಗ ಅಂವನ ಅದಾನ."

"ನಮ್ಮನಿಯವರು ಓದ್ಯಾರ, ಅವರ ಮಾತು ಸುಳ್ಳಾಗಂಗಿಲ್ಲ ಅಂತ ಅಕ್ಕನ ಓಣಿ ಮಂದಿ ಮುಂದ ಎದಿ ತಟ್ಟಿ ಹೇಳಿದ್ನಿ. ಎಲ್ಲಾರೂ ಬಿದ್ದು ಬಿದ್ದು ನಕ್ಕರು. ನನ್ನ ಇಜ್ಜತ್ ಹೋತು!"

ಬೈಗುಳ ನನಗೆ ತಾಗಲೇ ಇಲ್ಲ. ಅಷ್ಟು ಜನರ ಎದುರು ಆಕೆ ನನ್ನ ಮಾತನ್ನೇ ನಂಬಿದ್ದಳು ಎಂಬುದಷ್ಟೇ ಕೇಳಿಸಿತು.

ಸಂಜೆ ಹಿಟ್ಟು ನಾದುತ್ತ ತಾನಾಗಿಯೇ ಕೇಳಿದಳು: "ಕಂಪೌಂಡರ್ ಯಾಕ ಖೂನಿ ಮಾಡ್ದ? ಖರೇ ಕಥಿ ಹೇಳ್ರಿ." ನಾನು ಉಬ್ಬಿಹೋಗಿ ಹೇಳತೊಡಗಿದೆ. ಆಕೆ ಕಣ್ಣು ಮುಚ್ಚಿ ಕೇಳುತ್ತಿದ್ದಳು.

"ಏನ್ ಕಾಣಾಕತ್ತದ?" ಎಂದೆ ಹೆಮ್ಮೆಯಿಂದ.

"ಗೋಪಣ್ಣ. ಬುಲೆಟ್ ಮ್ಯಾಲ ಬರಾಕತ್ತಾನ."

ಪುಸ್ತಕದ ಒಂದಕ್ಷರ ಬದಲಿಸಿದರೂ ಸಹಿಸದ ನಾನು, ಆಗಿಂದಾಗಲೇ ಕಥೆಯಲ್ಲಿ ಯಾದಗಿರಿಯ ಭೀಮಾ ಸೇತುವೆಯ ಮೇಲೆ ಅವನನ್ನು ಗಾಡಿಯಿಂದ ಕೆಡವಿ ಕಾಲು ಮುರಿದೆ.

"ಅಯ್ಯ, ಪಾಪ!" ಎಂದಳು ಶಾಂತಾ. ಆಕೆಯ ಕಣ್ಣಲ್ಲಿ ನಿಜವಾಗಿಯೂ ನೀರಾಡಿತು. ಹೋದ ತಿಂಗಳು ಬಸ್ ಸ್ಟ್ಯಾಂಡಿನಲ್ಲಿ ಜಾರಿ ನನ್ನ ಕಾಲು ಉಳುಕಿದಾಗ ಆಕೆ ಅಂದದ್ದು, "ನೋಡಿ ನಡೀಬೇಕ್ರಿ" ಎಂದು, ಅಷ್ಟೇ.