ಬಾಗಿಲ ಮುಂದಿನ ಗೋಪುರಕ್ಕೆ ಇನ್ನು ಮುಂದೆ ನೋಟಿಸು ಅಂಟಿಸದಿರುವ ಬಗ್ಗೆ

ಕಟ್ಟಡ ಪರವಾನಗಿ ಕಚೇರಿ
ಸಂಖ್ಯೆ: ಕಪಕ/ಗೋಪುರ/ಅಳು/೧

ಸುತ್ತೋಲೆ

ವಿಷಯ: ಅಧೀಕ್ಷಕರ ಕೊಠಡಿಯ ಬಾಗಿಲಿಗೆ ಅಡ್ಡಲಾಗಿ ಆಟದ ದೊಡ್ಡ ಬ್ಲಾಕುಗಳಿಂದ ಎದ್ದಿರುವ ಕಟ್ಟಡದ ರಕ್ಷಣೆ ಹಾಗೂ ಅದರ ಮಾಲೀಕಳೊಂದಿಗೆ ರಾಜಿ.

ಉಲ್ಲೇಖ: ೧) ಇದರ ಹಿಂದಿನ ಕಟ್ಟಡಕ್ಕೆ ನಿನ್ನೆ ಅಂಟಿಸಲಾದ ನೋಟಿಸು. ೨) ಅದರ ಬೆನ್ನಿಗೇ ಕೇಳಿಬಂದ ಅಳು (ಮೇಲಿನ ಮಹಡಿಯವರೂ ದೃಢೀಕರಿಸಿರುತ್ತಾರೆ).

ಶಿಶುವಿಹಾರಕ್ಕೆ ಸುಣ್ಣ ಬಳಿಯುತ್ತಿರುವುದರಿಂದ ಅಧೀಕ್ಷಕರ ಮೊಮ್ಮಗಳು, 'ಬುಗುರಿ' ಎಂಬ ಮುದ್ದುಹೆಸರಿನ ಮೂರು ವರ್ಷದ ಬಾಲಕಿ, ಒಂದು ಬಕೆಟ್ ಬ್ಲಾಕುಗಳ ಸಮೇತ ಈ ಕಚೇರಿಗೆ ಹಾಜರಾಗುತ್ತಿರುವುದು ಸರಿಯಷ್ಟೆ. ಸದರಿ ಬ್ಲಾಕುಗಳು ಮಕ್ಕಳ ಬಾಯೊಳಗೆ ಹೋಗದಷ್ಟು ದಪ್ಪವಾಗಿವೆ ಎಂಬುದನ್ನು ಜವಾನರು ತಮ್ಮ ಬಾಯಲ್ಲೇ ಪರೀಕ್ಷಿಸಿ ವರದಿ ನೀಡಿರುತ್ತಾರೆ.

ನಿನ್ನೆ ಬಾಲಕಿಯು ತನ್ನ ಎತ್ತರದ ಗೋಪುರವೊಂದನ್ನು ಕಟ್ಟಿ ತಾತನನ್ನು ಕರೆದಳು. ಕಡತದಲ್ಲಿ ಮುಳುಗಿದ್ದ ಅಧೀಕ್ಷಕರು, ಸೇವಾವಧಿಯ ಅಭ್ಯಾಸಬಲದಿಂದ, ತಲೆಯೆತ್ತದೆಯೇ "ಅನುಮತಿ ಇಲ್ಲ ಅಂದ್ರೆ ನೋಟಿಸು ಅಂಟಿಸ್ರೀ" ಎಂದರು. ಜವಾನರು ಅಂಟಿಸಿದರು. ಗೋಂದು ಬಳಿದ ಕಾಗದವನ್ನು ಗೋಡೆಗೆ ಒತ್ತುವ ಹಾಗೆಯೇ ಒತ್ತಿದ್ದರಿಂದ ಗೋಪುರವು ನೆಲಸಮವಾಯಿತು.

ಬಾಲಕಿಯು "ತಾತ ಕೆಟ್ಟೋನು, ಠೂ!" ಎಂದು ಘೋಷಿಸಿ, ಮೇಜಿನ ಮೇಲಿದ್ದ ಕಚೇರಿಯ ಮೊಹರನ್ನು ಒಯ್ದು ಬಾಗಿಲಿಗೆ ಅಡ್ಡಲಾಗಿ ನೆಲದ ಮೇಲಿಟ್ಟು, ಅದರ ಸುತ್ತಲೂ ಹೊಸ ಗೋಪುರ ಎಬ್ಬಿಸಿರುತ್ತಾಳೆ. ಆದಕಾರಣ ಊರಿನ ಒಂದು ಮನೆಗೂ ಪರವಾನಗಿ ಕೊಡಲಾಗುತ್ತಿಲ್ಲ. ಅದು ಹಾಳಾಗಲಿ. ಸಂಜೆ ಮನೆಗೆ ಹೊರಟಾಗ ಬಾಲಕಿಯು ಅಧೀಕ್ಷಕರ ಬೆರಳು ಹಿಡಿಯಲಿಲ್ಲ. ನೋಟಿಸು ಅಂಟಿಸಿದ ಜವಾನರ ಬೆರಳನ್ನೇ ಹಿಡಿದಳು. ಇದರಿಂದ ಅಧೀಕ್ಷಕರಿಗೆ ರಾತ್ರಿ ಊಟ ಸೇರಿಲ್ಲ.

ಆದ್ದರಿಂದ ಸಮಸ್ತ ಸಿಬ್ಬಂದಿಗೆ ಈ ಮೂಲಕ ಕಟ್ಟಪ್ಪಣೆ ಮಾಡಲಾಗಿದೆ:

೧. ಗೋಪುರದ ಹತ್ತಿರ ಸೀನುವುದನ್ನು ನಿಷೇಧಿಸಲಾಗಿದೆ. ಸೀನು ತಡೆಯಲಾಗದವರು ಮುಂಚಿತವಾಗಿ ಅರ್ಜಿ ಸಲ್ಲಿಸತಕ್ಕದ್ದು.

೨. ಅಧೀಕ್ಷಕರ ಕೊಠಡಿಗೆ ಎಲ್ಲರೂ ಕಿಟಕಿಯ ಮೂಲಕ ಪ್ರವೇಶಿಸತಕ್ಕದ್ದು. ಅಧೀಕ್ಷಕರೂ ಇದಕ್ಕೆ ಹೊರತಲ್ಲ. ಇಂದು ಬೆಳಿಗ್ಗೆ ಚಿಲಕಕ್ಕೆ ಸಿಕ್ಕಿ ಅವರ ಪ್ಯಾಂಟು ಪರ್‍ರೆಂದುದನ್ನು ಕೇಳಿಸಿಕೊಂಡವರು ಕೇಳಿಸಿಕೊಂಡಿಲ್ಲವೆಂದು ಭಾವಿಸತಕ್ಕದ್ದು.

೩. ಸರ್ವೇಯರ್ ಅವರು ಟೇಪು ಹಿಡಿದು ಅತ್ತ ಸುಳಿಯಕೂಡದು. ಗೋಪುರ ವಾಲಿದೆ ಎನ್ನಕೂಡದು. ವಾಲಿದೆ. ಎಲ್ಲರಿಗೂ ಕಾಣುತ್ತಿದೆ.

೪. ಮೊಹರಿಗಾಗಿ ಬರುವ ಸಾರ್ವಜನಿಕರಿಗೆ "ನಾಳೆ ಬನ್ನಿ" ಎನ್ನತಕ್ಕದ್ದು. ಈ ಬಗ್ಗೆ ಸಿಬ್ಬಂದಿಗೆ ಪ್ರತ್ಯೇಕ ತರಬೇತಿಯ ಅಗತ್ಯ ಕಂಡುಬಂದಿಲ್ಲ.

೫. "ಮನೆ ಕಟ್ಟಿ ನೋಡು" ಎಂಬ ಗಾದೆಯನ್ನು ಅಧೀಕ್ಷಕರ ಕಿವಿಗೆ ಬೀಳುವಂತೆ ಪದೇ ಪದೇ ಹೇಳುತ್ತಿರುವ ಹಿರಿಯ ಗುಮಾಸ್ತರಿಗೆ ಕೊನೆಯ ಎಚ್ಚರಿಕೆ ನೀಡಲಾಗಿದೆ.

೬. ಬಾಲಕಿಗೆ ಚಾಕೊಲೇಟು ತೋರಿಸುವುದು ಲಂಚವೆನಿಸುತ್ತದೆ. ಅಧೀಕ್ಷಕರು ತೋರಿಸಿ ನೋಡಿರುತ್ತಾರೆ. ಚಾಕೊಲೇಟು ಖರ್ಚಾಗಿದೆ, ಠೂ ಜಾರಿಯಲ್ಲಿದೆ.

೭. ಗೋಪುರದ ತುದಿಗಿಡಬೇಕಾದ ಹಳದಿ ಬ್ಲಾಕು ನಿನ್ನೆಯ ಕುಸಿತದಲ್ಲಿ ಕಾಣೆಯಾಗಿದೆ. ಬೀರುಗಳ ಮೇಲೆ, ಕಡತಗಳ ನಡುವೆ, ಊಟದ ಡಬ್ಬಿಗಳೊಳಗೆ ಶೋಧ ಮುಂದುವರಿಸತಕ್ಕದ್ದು. ಬದಲಿಗೆ ಹಳದಿ ಡಸ್ಟರ್ ಒದಗಿಸಿದ ಬೆರಳಚ್ಚುಗಾರ್ತಿಯವರ ಸದುದ್ದೇಶ ಶ್ಲಾಘನೀಯ. ಆದರೆ "ಇದು ಬಟ್ಟೆ ಆಂಟಿ, ಇಷ್ಟೂ ಗೊತ್ತಾಗಲ್ವಾ?" ಎಂಬ ಬಾಲಕಿಯ ತಾಂತ್ರಿಕ ಅಭಿಪ್ರಾಯವನ್ನು ಅಂಗೀಕರಿಸಲಾಗಿದೆ.

೮. ಈ ಕಚೇರಿಯು ಯಾರಲ್ಲಾದರೂ ಕ್ಷಮೆ ಕೋರಿದ ನಿದರ್ಶನ ಹಳೆಯ ಕಡತಗಳಲ್ಲಿ ದೊರೆತಿಲ್ಲ. ನಿಗದಿತ ನಮೂನೆಯೂ ಇಲ್ಲ. ಹಾಗಾಗಿ ಬಾಯಿಗೆ ಬಂದಂತೆ ಕೋರಲಾಗಿದೆ: ತಪ್ಪಾಯ್ತು ಪುಟ್ಟಾ. ನೀನು ಕರೆದಾಗ ತಾತ ತಲೆ ಎತ್ತಿ ನೋಡಬೇಕಿತ್ತು.

ಸಹಿ/-
ಅಧೀಕ್ಷಕರು
(ಮೊಹರು ಗೋಪುರದೊಳಗಿದೆ)

ಪ್ರತಿಗಳು:
೧. ಸೂಚನಾ ಫಲಕಕ್ಕೆ. ಗೋಡೆಯ ಮೇಲಿರುವುದಕ್ಕೆ ಮಾತ್ರ ಅಂಟಿಸುವುದು.
೨. ಜವಾನರಿಗೆ, ಗೋಂದಿನ ಡಬ್ಬಿ ಹಿಂತಿರುಗಿಸುವ ಸೂಚನೆಯೊಂದಿಗೆ.
೩. ಅಧೀಕ್ಷಕರ ಮಡದಿಗೆ, ಪ್ಯಾಂಟಿನ ಸಮೇತ.
೪. ಬುಗುರಿಗೆ. ಓದಲು ಬಾರದ ಕಾರಣ ಅಧೀಕ್ಷಕರೇ ಖುದ್ದಾಗಿ ನೆಲದ ಮೇಲೆ ಕೂತು ಓದಿ ಹೇಳತಕ್ಕದ್ದು.

ಷರಾ (ಬೆರಳಚ್ಚುಗಾರ್ತಿಯಿಂದ): ಪ್ರತಿ ೪ ಜಾರಿಯಾಗಿದೆ. ಅಧೀಕ್ಷಕರು ಮಂಡಿ ಹಿಡಿದುಕೊಂಡು ನೆಲಕ್ಕೆ ಕೂತದ್ದರಿಂದಲೇ ಬೀರುವಿನ ಅಡಿಯಲ್ಲಿದ್ದ ಹಳದಿ ಬ್ಲಾಕು ಅವರ ಕಣ್ಣಿಗೆ ಬಿತ್ತು. ಸುತ್ತೋಲೆಯ ಓದು ವಿಷಯದ ಸಾಲು ದಾಟಲಿಲ್ಲ. ಬಾಲಕಿಯು "ಸಾಕು ತಾತಾ, ಮೇಲಿಡು. ಮೆತ್ತಗೆ!" ಎಂದಳು. ಅಧೀಕ್ಷಕರು ಉಸಿರು ಬಿಗಿಹಿಡಿದು ಇಟ್ಟರು. ಗೋಪುರ ನಿಂತಿದೆ. ಮೊಹರು ಒಳಗೇ ಇದ್ದು, ಈ ಸುತ್ತೋಲೆಗೆ ಬಾಲಕಿಯು ಹಸಿರು ಬ್ಲಾಕೊಂದರ ಮೇಲಿನ ಉಬ್ಬುಗಳನ್ನು ಶಾಯಿಯಲ್ಲಿ ಅದ್ದಿ ಎಂಟು ದುಂಡು ಚುಕ್ಕೆಗಳನ್ನು ಒತ್ತಿರುತ್ತಾಳೆ. ಕೈ ತೊಳೆಯಲು ಒಪ್ಪಿರುವುದಿಲ್ಲ.

ಸಂಜೆ ಕಚೇರಿ ಮುಚ್ಚಿ ಹೊರಟಾಗ ಅಧೀಕ್ಷಕರ ತೋರುಬೆರಳಿಗೂ ಶಾಯಿ ಮೆತ್ತಿತ್ತು. ಒರೆಸಲು ಡಸ್ಟರ್ ಕೊಡಲಾಯಿತು. ತೆಗೆದುಕೊಳ್ಳಲಿಲ್ಲ.