ಬಂಡೆಪ್ಪನ ಪರಾಕ್ರಮ, ನನ್ನ ಪಾಡು

ಅಂಕಿಗಳಿರುವ ಯಾವ ವಿಷಯದಲ್ಲೂ ನಾನು ಸೋತವನಲ್ಲ. ಟಿಲ್‌ಬರ್ಗಿನ ಒಂದು ಸಾಗಣೆ ಕಂಪನಿಯಲ್ಲಿ ನನ್ನ ಕೆಲಸವೇ ಅದು. ನೂರು ಪೆಟ್ಟಿಗೆ ಹಿಡಿಯುವ ಲಾರಿಯಲ್ಲಿ ನೂರಾಹನ್ನೆರಡು ಹಿಡಿಸುವುದು ಹೇಗೆಂದು ಎಕ್ಸೆಲ್‌ನಲ್ಲಿ ಹುಡುಕುವುದು. ಇಂಥವನನ್ನು ದಾಳ ಉರುಳಿಸಿ ಆಡುವ ಒಂದು ಕಥೆಯಾಟ ಏನು ಮಾಡೀತು ಎಂದುಕೊಂಡೇ ನಾನು ಆಟಕ್ಕಿಳಿದೆ.

ಅದು ಕೊರೊನಾದ ಮೊದಲ ಚಳಿಗಾಲ. ನನ್ನ ಹೆಂಡತಿ ವಿದ್ಯಾ ತಮ್ಮನ ಮದುವೆಗೆಂದು ಮೈಸೂರಿಗೆ ಹೋದವಳು ಅಲ್ಲೇ ಉಳಿದುಬಿಟ್ಟಿದ್ದಳು. ಮೊದಲು ವಿಮಾನ ನಿಂತಿತು. ವಿಮಾನ ಶುರುವಾದಾಗ ನಮ್ಮತ್ತೆಯ ಮಂಡಿಗೆ ಆಪರೇಷನ್ ಆಯಿತು. ಮಂಡಿ ಸರಿಹೋಗುವ ಹೊತ್ತಿಗೆ ಇಲ್ಲಿ ಮತ್ತೆ ಎಲ್ಲ ಬಂದ್! ಮನೆಗೆ ದಿನಕ್ಕೆ ಒಬ್ಬ ಅತಿಥಿಯನ್ನು ಮಾತ್ರ ಕರೆಯಬಹುದು ಎಂದು ಸರ್ಕಾರ ಕಟ್ಟಪ್ಪಣೆ ಮಾಡಿತು. ಆ ಕಾನೂನು ಮುರಿಯುವ ಯೋಗವೇ ನನಗೆ ಬರಲಿಲ್ಲ. ಆ ಒಬ್ಬರೂ ಬರುತ್ತಿರಲಿಲ್ಲ.

ಮುಖ ನೋಡಿ ನನ್ನೊಡನೆ ಮಾತಾಡುತ್ತಿದ್ದವಳು ಸೂಪರ್‌ಮಾರ್ಕೆಟ್ಟಿನ ಕ್ಯಾಶಿಯರ್ ಒಬ್ಬಳೇ. 'ಬೊನ್ನೆತ್ಯೆ?' ಎನ್ನುವಳು. ಅಂದರೆ ಇಲ್ಲಿನ ಡಚ್ ಭಾಷೆಯಲ್ಲಿ ರಸೀದಿ ಬೇಕೇ ಎಂದು. ಮಾತು ಇನ್ನೊಂದಿಷ್ಟು ಬೆಳೆಯಲಿ ಎಂಬ ಆಸೆಗೆ ನಾನು ದಿನವೂ ಬೇಕು ಎನ್ನುತ್ತಿದ್ದೆ. ಬೆಳೆದದ್ದು ರಸೀದಿಗಳ ಗುಡ್ಡೆ ಮಾತ್ರ.

ಹೀಗಿರುವಾಗ ಇಮ್ರಾನ್ ಫೋನ್ ಮಾಡಿದ. ಹುಬ್ಬಳ್ಳಿಯವನು, ನಮ್ಮ ಕಂಪನಿಯವನೇ, ನನಗಿಂತ ಹತ್ತು ವರ್ಷ ಚಿಕ್ಕವನು.

"ಅಣ್ಣಾರ, ಐತಾರ ಮಧ್ಯಾಹ್ನ ಖಾಲಿ ಅದೀರೇನ್ರಿ?"

"ಭಾನುವಾರ ಏನಪ್ಪ, ನಾನು ಇಡೀ ವರ್ಷ ಖಾಲಿ."

"ಹಂಗಾರ ನಮ್ ಕೂಡ ಆಡಾಕ ಬರ್ರಿ. ವಿಡಿಯೋದಾಗ. ನಮ್ ಬಾಜೂ ಮನಿ ಹೆಂಕ್ ಅಜ್ಜಾರು ಆಡಸ್ತಾರ. ಮೂರು ಮಂದಿ ಆದ್ರ ಆಟ ರಂಗೇರತೈತಿ."

ಆಟ ಇಷ್ಟೇ. ಹೆಂಕ್ ಒಂದು ಕಥೆ ಹೇಳುತ್ತಾನೆ. ಕಾಡು, ಕೋಟೆ, ದೈತ್ಯ, ಡ್ರ್ಯಾಗನ್. ನಾವು ಒಬ್ಬೊಬ್ಬರು ಒಂದೊಂದು ಪಾತ್ರ. 'ಈಗ ನೀನೇನು ಮಾಡುತ್ತೀ?' ಎಂದು ಅವನು ಕೇಳಿದಾಗ ಹೇಳಬೇಕು, ದಾಳ ಉರುಳಿಸಬೇಕು. ಪಾತ್ರಕ್ಕೆ ಬಲ, ಚುರುಕು, ಬುದ್ಧಿ, ಮಾತುಗಾರಿಕೆ ಎಂದು ಒಂದೊಂದಕ್ಕೂ ಅಂಕ. ಅಂಕ ಹೆಚ್ಚಿದ್ದಷ್ಟೂ ದಾಳಕ್ಕೆ ಆಸರೆ.

ಹೆಂಕ್ ನಿವೃತ್ತ ಮೇಷ್ಟ್ರು. ಮೊದಲ ದಿನ ವಿಡಿಯೋದಲ್ಲಿ ನನ್ನೊಬ್ಬನನ್ನೇ ಕೂರಿಸಿಕೊಂಡು ಹಳೆಯ ಕಾಲದ ಕಥೆ ಹೇಳಿದ. ಗ್ರೋನಿಂಗನ್ನಿನಲ್ಲಿ ಓದುವಾಗ ಆರು ಜನ ಗೆಳೆಯರು ಒಂದು ಪುಟ್ಟ ಕೋಣೆಯಲ್ಲಿ ಈ ಆಟ ಆಡುತ್ತಿದ್ದರಂತೆ.

"ಆಗ ಮೂರು ದಾಳ ಹಾಕಬೇಕು, ಬಂದದ್ದನ್ನು ಹಾಗೇ ಬರೆದುಕೊಳ್ಳಬೇಕು. ಮೊದಲು ಬಿದ್ದದ್ದು ಬಲ, ಆಮೇಲಿನದು ಬುದ್ಧಿ. ಕುಂಟ ಬಂದರೆ ಕುಂಟ, ಪೆದ್ದ ಬಂದರೆ ಪೆದ್ದ. ಅವನ ಜೊತೆ ಬಾಳಬೇಕು. ಒಂದು ದಿನ ಒಬ್ಬ ಕೇಳಿದ, ಈ ಎರಡು ಅಂಕ ಅದಲುಬದಲು ಮಾಡಿಕೊಳ್ಳಲಾ ಅಂತ. ಒಪ್ಪಿದೆವು. ಆಮೇಲೆ, ನಾಲ್ಕು ದಾಳ ಹಾಕಿ ಚಿಕ್ಕದನ್ನು ಬಿಡಲಾ ಅಂದ. ಅದಕ್ಕೂ ಒಪ್ಪಿದೆವು. ಆಮೇಲೆ ದಾಳವೇ ಬೇಡ, ಎಲ್ಲರಿಗೂ ಇಷ್ಟು ಅಂಕ ಕೊಡಿ, ಬೇಕಾದ ಕಡೆ ಸುರಿದುಕೊಳ್ಳೋಣ ಅಂತಾಯಿತು. ನಮ್ಮ ಕೋಣೆಗೆ ಲೆಕ್ಕಾಚಾರ ಬಂದದ್ದು ಹಾಗೆ."

ಮುದುಕ ಇದನ್ನೆಲ್ಲ ಎಷ್ಟು ವ್ಯಥೆಯಿಂದ ಹೇಳಿದ ಎಂಬುದು ನನಗೆ ಈಗ ಹೊಳೆಯುತ್ತದೆ. ಆಗ ನಾನು ನೋಟ್ಸ್ ಬರೆದುಕೊಳ್ಳುತ್ತಿದ್ದೆ!

ಒಂದು ವಾರ ಎರಡು ಮಾನಿಟರ್ ಮುಂದೆ ಕುಳಿತು ನಿಯಮದ ಪುಸ್ತಕವನ್ನು ಅರೆದು ಕುಡಿದೆ. ಮಾತುಗಾರಿಕೆಯನ್ನು ತಳಕ್ಕಿಳಿಸಿದರೆ ಅಲ್ಲಿ ಉಳಿದದ್ದನ್ನು ಬಲಕ್ಕೆ ಹಾಕಬಹುದಿತ್ತು. ಇಳಿಸಿದೆ. ಬುದ್ಧಿಯನ್ನೂ ಇಳಿಸಿದೆ. ಎರಡು ಅಂಕದ ಆಸೆಗೆ ನನ್ನ ಪಾತ್ರಕ್ಕೆ ಚಂದ್ರದೇವತೆಯ ದೀಕ್ಷೆ ಕೊಡಿಸಿದೆ. ಒಂದು ಅಂಕಕ್ಕಾಗಿ ಮಾಂತ್ರಿಕನೊಬ್ಬನ ಬಳಿ ಒಂದೇ ವಾರದ ಶಿಷ್ಯವೃತ್ತಿ ಮಾಡಿಸಿದೆ. ಹೀಗೆ ಹುಟ್ಟಿದವನು ಬಂಡೆಪ್ಪ. ಕೈಯಲ್ಲಿ ಆಳೆತ್ತರದ ಕೊಡಲಿ.

ಹೆಮ್ಮೆ ತಡೆಯಲಾರದೆ ವಿದ್ಯಾಗೆ ವಿಡಿಯೋದಲ್ಲಿ ತೋರಿಸಿದೆ.

"ಇವನ ಅಪ್ಪ ಅಮ್ಮ ಯಾರ್ರೀ?"

"ಇಲ್ಲ ಕಣೇ. ಅನಾಥ. ಅನಾಥನಾದ್ರೆ ಎರಡು ಅಂಕ ಜಾಸ್ತಿ."

"ಪಾಪ. ಹೆಂಡತಿ?"

"ಹೆಂಡತಿ ಇದ್ರೆ ಏನೂ ಸಿಗಲ್ಲ."

ಆ ಕಡೆ ತುಂಬ ಹೊತ್ತು ಸದ್ದಿಲ್ಲ. ನೆಟ್‌ವರ್ಕ್ ಹೋಯಿತೆಂದುಕೊಂಡೆ. ನೆಟ್‌ವರ್ಕ್ ಚೆನ್ನಾಗಿಯೇ ಇತ್ತು.

ಮೊದಲ ಭಾನುವಾರ. ಇಮ್ರಾನನದು ಒಬ್ಬ ಕಳ್ಳ. ಹೆಂಕ್‌ನ ಹಳೆಯ ಗೆಳತಿ ಮರೈಕೆಯದು ಊರೂರು ಸುತ್ತುವ ಹಾಡುಗಾತಿ. ಕಥೆಯಲ್ಲಿ ಒಂದು ಸೇತುವೆ, ಅದರ ಕೆಳಗೊಬ್ಬ ಮುದಿ ದೈತ್ಯ. ಹೆಂಕ್ ದನಿ ಬದಲಿಸಿ, ಗಂಟಲು ಗೊರಗೊರ ಮಾಡಿ, "ಯಾರದು ನನ್ನ ನಿದ್ದೆ ಕೆಡಿಸಿದ್ದು?" ಎಂದ. ಮರೈಕೆ ಗಂಟಲು ಸರಿಮಾಡಿಕೊಂಡಳು. ಆದರೆ ಚುರುಕಿನ ಅಂಕದ ಪ್ರಕಾರ ಮೊದಲ ಸರದಿ ನನ್ನದು!

"ಕಡಿಯುತ್ತೇನೆ," ಎಂದೆ.

ದಾಳ ಉರುಳಿತು. ದೈತ್ಯನಿಗಿದ್ದದ್ದು ಇಪ್ಪತ್ತು ಅಂಕದ ಪ್ರಾಣ. ನಾನು ಕಡಿದದ್ದು ನಲವತ್ತೇಳು.

ಹೆಂಕ್ ತನ್ನ ಕೈಬರಹದ ಹಾಳೆಗಳನ್ನು ಮಗುಚುವ ಸದ್ದು ಮಾತ್ರ ಕೇಳುತ್ತಿತ್ತು. ಒಂದು, ಎರಡು, ಮೂರು, ನಾಲ್ಕು. ಅಷ್ಟೂ ದೈತ್ಯನ ಮಾತುಗಳೇ ಇದ್ದವು.

ಎರಡನೆಯ ಭಾನುವಾರ ಡ್ರ್ಯಾಗನ್. ಬೇಸಗೆಯವರೆಗೆ ನಮ್ಮನ್ನು ಕಾಡಬೇಕಾಗಿದ್ದ ಪ್ರಾಣಿ. ಮರೈಕೆಯ ಕಾಫಿ ಆರುವ ಮೊದಲೇ ಬಂಡೆಪ್ಪ ಅದನ್ನು ಮಲಗಿಸಿದ.

"ಅಣ್ಣಾರ, ನಾ ಇನ್ನೂ ದಾಳಾ ಮುಟ್ಟೇ ಇಲ್ರೀ," ಎಂದ ಇಮ್ರಾನ್.

"ನಿನಗೆ ಯಾಕಪ್ಪ ತೊಂದರೆ! ನಾನಿದ್ದೀನಲ್ಲ," ಎಂದೆ. ಲಾರಿ ತುಂಬಿಸಿ ಕಳಿಸಿದಾಗ ಆಗುವಂಥದೇ ತೃಪ್ತಿ.

ಮೂರನೆಯ ಭಾನುವಾರ ಹೆಂಕ್ ಹೊಸ ಉಪಾಯ ಹೂಡಿದ. ಹಿಮ ಸುರಿಯುತ್ತಿದೆ, ಒಂದು ಹಳ್ಳಿ, ಬಾಗಿಲಲ್ಲಿ ಒಬ್ಬ ಅಜ್ಜಿ. ಮೊದಲು ಎದುರಾದವರನ್ನೇ 'ನೀವು ಯಾರು, ಎಲ್ಲಿಂದ ಬಂದಿರಿ?' ಎಂದು ಕೇಳುತ್ತಾಳೆ. ಎಂದಿನಂತೆ ಮುಂದೆ ನುಗ್ಗಿದವನು ಬಂಡೆಪ್ಪ. ಅಜ್ಜಿಯನ್ನು ಕಡಿಯುವಂತಿಲ್ಲ. 'ನಮಸ್ಕಾರ' ಎನ್ನಬೇಕಾದರೂ ದಾಳ ಹಾಕಬೇಕು. ಬಿದ್ದದ್ದು ಒಂದು!

"ಬಂಡೆಪ್ಪ ನಮಸ್ಕಾರ ಅನ್ನಲು ಹೋಗಿ ಆಕೆಯ ಮೊಮ್ಮಗುವನ್ನು ಹಂದಿಮರಿ ಅಂದ," ಎಂದು ಹೆಂಕ್ ಘೋಷಿಸಿದ. ಹಳ್ಳಿಯ ಬಾಗಿಲು ಮುಚ್ಚಿತು. ನಾವೆಲ್ಲ ಹಿಮದಲ್ಲಿ.

ಅಲ್ಲಿಗೆ ಬಿಟ್ಟಿದ್ದರೆ ಎಲ್ಲರೂ ನಕ್ಕು ಮುಂದೆ ಹೋಗುತ್ತಿದ್ದರು. ನಾನು ಬಿಡಲಿಲ್ಲ. ಚಂದ್ರದೇವತೆಯ ದೀಕ್ಷೆ ಪಡೆದವನಿಗೆ ಅಜ್ಜಿಯರ ಮುಂದೆ ರಿಯಾಯಿತಿ ಉಂಟು ಎಂದು ಪುಸ್ತಕ ತೆರೆದು, ಅಡಿಟಿಪ್ಪಣಿ ಸಮೇತ ವಾದಿಸಿದೆ. ಗಡಿಯಾರ ನೋಡಿ ಹೇಳುತ್ತೇನೆ, ನಲವತ್ತು ನಿಮಿಷ. ಕೊನೆಗೆ ಹೆಂಕ್, "ಸರಿ, ನೀನೇ ಗೆದ್ದೆ," ಎಂದು ಪುಸ್ತಕ ಮುಚ್ಚಿದ.

ಮುಂದಿನ ವಾರ ಮರೈಕೆಗೆ ತಲೆನೋವು. ಅದರ ಮುಂದಿನ ವಾರ ಹೆಂಕ್‌ಗೆ ಬಿಡುವಿಲ್ಲ. ಇಡೀ ದೇಶ ಬೀಗ ಹಾಕಿ ಕೂತಿರುವಾಗ ಬಿಡುವಿಲ್ಲ! ಮೂರನೆಯ ವಾರ ಯಾರೂ ನೆಪ ಹೇಳುವ ಗೋಜಿಗೂ ಹೋಗಲಿಲ್ಲ. ನಾನು ಮಾತ್ರ ಎರಡು ಗಂಟೆಗೆ ಸರಿಯಾಗಿ ತಲೆ ಬಾಚಿಕೊಂಡು ಕ್ಯಾಮೆರಾ ಮುಂದೆ ಕುಳಿತೆ. ಪರದೆಯಲ್ಲಿ ನನ್ನದೊಂದೇ ಮುಖ. ಅರ್ಧ ಗಂಟೆ ನೋಡಿದೆ. ಆ ಮುಖದೊಡನೆ ಆಡಲು ನನಗೇ ಮನಸ್ಸಾಗಲಿಲ್ಲ.

ಇಮ್ರಾನ್‌ಗೆ ಫೋನ್ ಮಾಡಿದೆ. ಅವನು ಮೊದಲು ಹಿಂದೆಮುಂದೆ ನೋಡಿದ. ಆಮೇಲೆ ಹೇಳಿಬಿಟ್ಟ.

"ಸಿಟ್ಟಾಗಬ್ಯಾಡ್ರಿ ಅಣ್ಣಾರ. ನೀವು ಭಾಳ ಚಲೋ ಆಡ್ತೀರಿ. ಆದ್ರ ನೀವು ಆಡಿದ ಮ್ಯಾಲೆ ನಮಗ ಆಡಾಕ ಏನೂ ಉಳಿಯಂಗಿಲ್ರಿ." ಮುಂದುವರಿಸಿದ. "ಮರೈಕೆ ಅವರ ಅಕ್ಕ ವೃದ್ಧಾಶ್ರಮದಾಗ ತೀರಿಕೊಂಡ್ರು. ಕಡೀಕ ಒಂದು ಸಲ ನೋಡಾಕೂ ಬಿಡಲಿಲ್ಲ. ಅಕ್ಕ ತಂಗಿ ಸಣ್ಣವರಿದ್ದಾಗ ಹಾಡ್ತಿದ್ದ ಹಾಡು ಒಂದಿತ್ತಂತ. ಆ ದೈತ್ಯನ ಮುಂದ ಅದನ್ನ ಹಾಡಬೇಕು ಅಂತ ವಾರಪೂರ್ತಿ ತಯಾರಿ ಮಾಡಿದ್ರು."

ನಾನು ಫೋನ್ ಇಟ್ಟೆ. ನಲವತ್ತೇಳು ಎಂಬ ಅಂಕಿ ಅಷ್ಟು ದೊಡ್ಡದೆಂದು ಅಂದೇ ಗೊತ್ತಾದದ್ದು. ಆ ಹಾಡನ್ನು ನಾನು ಇಂದಿಗೂ ಕೇಳಿಲ್ಲ. ಹಾಡಿ ಎನ್ನುವ ಧೈರ್ಯವೂ ಬಂದಿಲ್ಲ.

ಮರುದಿನ ಸೈಕಲ್ ತುಳಿದುಕೊಂಡು ಹೆಂಕ್‌ನ ಮನೆಗೆ ಹೋದೆ. ಒಳಗೆ ಕರೆಯಲು ಅವನಿಗೂ ಭಯ, ಹೋಗಲು ನನಗೂ ಸಂಕೋಚ. ತೋಟದ ಗೇಟಿನ ಆಚೆ ಅವನು, ಈಚೆ ನಾನು, ನಡುವೆ ಕಾನೂನುಬದ್ಧ ಒಂದೂವರೆ ಮೀಟರ್. ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಹೋಗಿದ್ದ ಕ್ಷಮಾಪಣೆಯ ಭಾಷಣ ಬಾಯಿಗೇ ಬರಲಿಲ್ಲ. ನನ್ನ ಮಾತುಗಾರಿಕೆಯೂ ಬಂಡೆಪ್ಪನದರಷ್ಟೇ!

"ತಪ್ಪಾಯಿತು," ಎಂದೆ. ಅಷ್ಟೇ.

ಹೆಂಕ್ ಗೇಟಿನ ಮೇಲೆ ಕೈಯೂರಿ ನಿಂತ. "ಗ್ರೋನಿಂಗನ್ನಿನಲ್ಲಿ ಅಂಕ ಅದಲುಬದಲು ಕೇಳಿದವನು ಯಾರು ಗೊತ್ತಾ? ನಾನೇ. ಆ ವರ್ಷ ನನ್ನನ್ನು ಸೋಲಿಸುವವರೇ ಇರಲಿಲ್ಲ. ವರ್ಷ ಮುಗಿಯುವ ಹೊತ್ತಿಗೆ ಕೋಣೆಗೆ ಬರುವವರೂ ಇರಲಿಲ್ಲ. ಐದು ಜನರಲ್ಲಿ ಇಬ್ಬರು ಈಗ ಇಲ್ಲ. ಅವರ ಮುಖಕ್ಕಿಂತ ಅವರ ಕುಂಟ, ಪೆದ್ದ ಪಾತ್ರಗಳೇ ನನಗೆ ಚೆನ್ನಾಗಿ ನೆನಪಿವೆ."

ಆಮೇಲೆ ಒಳಗೆ ಹೋಗಿ ಮೂರು ದಾಳ ತಂದು ಗೇಟಿನ ಕಂಬದ ಮೇಲಿಟ್ಟು ಹಿಂದೆ ಸರಿದ. ನಾನು ಮುಂದೆ ಬಂದು ಹಾಕಿದೆ, ಬಂದದ್ದನ್ನು ಬಂದ ಹಾಗೇ ಬರೆದುಕೊಂಡೆ. ಬಲ ಐದು. ಚುರುಕು ನಾಲ್ಕು. ಮಾತುಗಾರಿಕೆ ಮಾತ್ರ, ಪರವಾಗಿಲ್ಲ ಎನ್ನುವಂತೆ, ಹತ್ತು. ಆಮೆಗಿಂತ ನಿಧಾನ ನಡೆಯುವ, ಒಂದು ಕಾಲು ಸೊಟ್ಟಗಿರುವ ಅಂಚೆಯವನೊಬ್ಬ ಹುಟ್ಟಿದ. ಊರು ದೂರ. ಹೆಂಡತಿ ಇದ್ದಾಳೆ. ಅಂಕವೇನೂ ಸಿಗಲಿಲ್ಲ.

"ಇನ್ನೊಬ್ಬರು ಬೇಕು ನಮಗೆ. ಸ್ವಲ್ಪ ಗಟ್ಟಿ ಆಳು," ಎಂದ ಹೆಂಕ್.

ಅದರ ಮುಂದಿನ ಭಾನುವಾರ ಪರದೆಯ ಮೇಲೆ ಐದು ಮುಖ. ಐದನೆಯದು ಮೈಸೂರಿನಿಂದ, ಸಂಜೆ ದೀಪ ಹಚ್ಚಿ ಬಂದು ಕುಳಿತ ವಿದ್ಯಾ. ದಾಳವನ್ನು ಅಣ್ಣನ ಮಗಳ ಹಾವುಏಣಿ ಡಬ್ಬಿಯಿಂದ ತಂದಿದ್ದಳು. ಮೂರು ಸಲ ಹಾಕಿದಳು. ಆರು, ಆರು, ಆರು!

"ಇದು ಒಳ್ಳೇದೇನ್ರೀ?" ಎಂದು ಕೇಳಿದಳು.

ನಲವತ್ತು ವರ್ಷದಲ್ಲಿ ಬಲಕ್ಕೆ ಹದಿನೆಂಟು ಬಿದ್ದದ್ದನ್ನು ತಾನು ನೋಡಿದ್ದು ಇದೇ ಎರಡನೆಯ ಸಲ ಎಂದು ಹೆಂಕ್ ಎದ್ದು ನಿಂತ. ನಾನು ಒಂದು ವಾರ ಬೆವರು ಸುರಿಸಿ ಗಳಿಸಿದ್ದನ್ನು ಆಕೆ ಒಂದು ಕೈಬೀಸಿನಲ್ಲಿ ಗಳಿಸಿದ್ದಳು.

ಕಥೆ ಶುರುವಾಯಿತು. ಉದ್ದನೆಯ ಬೆಟ್ಟದ ದಾರಿ. ನನ್ನ ಅಂಚೆಯವನು ಮೊದಲ ತಿರುವಿನಲ್ಲೇ ಎಡವಿ ಬಿದ್ದ. ಹೆಂಕ್ ಕೇಳಿದ: "ವಿದ್ಯಾ, ಈಗ ನೀನೇನು ಮಾಡುತ್ತೀ?"

"ಅವರನ್ನ ಹೆಗಲ ಮೇಲೆ ಕೂರಿಸ್ಕೋತೀನಿ," ಎಂದಳು ವಿದ್ಯಾ, ಹಿಂದೆಮುಂದೆ ನೋಡದೆ.

ಮರೈಕೆ ನಕ್ಕಳು. ನಾನು ಆಕೆಯ ನಗು ಕೇಳಿದ್ದು ಅದೇ ಮೊದಲು. ಇಮ್ರಾನ್ ಕುರ್ಚಿಯಿಂದ ಜಾರಿ ಪರದೆಯಿಂದಲೇ ಮಾಯವಾದ. ಹೆಂಕ್ ಮಾತ್ರ ಗಂಭೀರವಾಗಿ ಪುಸ್ತಕ ತೆರೆದು, ಹೊರುವ ಭಾರವನ್ನೆಲ್ಲ ಸಾಮಾನಿನ ಪಟ್ಟಿಯಲ್ಲಿ ನಮೂದಿಸತಕ್ಕದ್ದು ಎಂದು ಓದಿದ.

ಎಂಟು ಸಾವಿರ ಕಿಲೋಮೀಟರ್ ಆಚೆ ವಿದ್ಯಾ ಪೆನ್ಸಿಲ್ ತೆಗೆದುಕೊಂಡು ಬರೆದು, ಎಲ್ಲರಿಗೂ ಕಾಣುವಂತೆ ಹಾಳೆಯನ್ನು ಕ್ಯಾಮೆರಾಗೆ ಹಿಡಿದಳು. ಹಗ್ಗ, ಒಂದು. ಕಂದೀಲು, ಒಂದು. ಗಂಡ, ಒಂದು.

"ದಾರಿ ಸರಿಯಾದ್ಮೇಲೆ ಇಳಿಸಲೇನ್ರೀ?" ಎಂದು ಕೇಳಿದಳು.

ಕಾಲು ನೋವು ಇನ್ನೂ ಇದೆ ಎಂದೆ.