ಎಮ್ಮಿಗನೂರಿಗೆ ಹೋದವರು

ಕಾಗದದ ಮೇಲೆ ಆರು ಕೊಲೆ ಮಾಡಿದ ಮನುಷ್ಯನಿಗೆ ತನ್ನ ಮನೆಯಲ್ಲಿ ಎರಡನೆಯ ಲೋಟ ಚಹಾ ಕೇಳುವ ಧೈರ್ಯವಿಲ್ಲ ಎಂದರೆ ನೀವು ನಗುತ್ತೀರಿ. ನಗಿರಿ. ನಾನು, ಏಕಾಂತಪ್ಪ, ಆದೋನಿಯ ಒಂದು ಹತ್ತಿ ಮಿಲ್ಲಿನಲ್ಲಿ ಗುಮಾಸ್ತ. ಬಿಡುವಿದ್ದಾಗ ‘ರುಧಿರಪ್ರಿಯ’ ಎಂಬ ಕಾವ್ಯನಾಮದ ಘೋರ ಕಥೆಗಾರ. (ಸೊಳ್ಳೆ ಹೊಡೆದು ಅಂಗೈಗೆ ರಕ್ತ ಮೆತ್ತಿದರೆ ನನಗೆ ತಲೆ ಸುತ್ತುತ್ತದೆ. ಅದು ಬೇರೆ ಮಾತು.)

ಬಳ್ಳಾರಿಯ ಮಾಸಪತ್ರಿಕೆಯೊಂದರಲ್ಲಿ ನನ್ನ ಧಾರಾವಾಹಿ ಬರುತ್ತಿತ್ತು. ಮುಸುಕು ಹಾಕಿದ ಕೊಲೆಗಾರನೊಬ್ಬ ಸಾಹುಕಾರರ ಮನೆತನವೊಂದನ್ನು ಒಬ್ಬೊಬ್ಬರಾಗಿ ಮುಗಿಸುತ್ತ ಬರುವ ಕಥೆ. ಕೊನೆಗೆ ಉಳಿದವಳು ನಾಯಕಿ ಚಂದ್ರಪ್ರಭೆ. ಸಂಪಾದಕರು ಒಮ್ಮೆ ಸಿಕ್ಕಾಗ ಗೊಣಗಿದರು: “ರಕ್ತ ಜಾಸ್ತಿ ಆತು ಅಂತಾರ್ರೀ ಕೆಲವರು. ನಿಮ್ಮೂರಿನ ಓದುಗರನ್ನ ಕೇಳಿ ನೋಡ್ರಿ. ಆಕಿನ್ನ ಉಳಸಬೇಕೋ, ಕೊಲ್ಲಬೇಕೋ ಆಮ್ಯಾಲೆ ನಿರ್ಧಾರ ಮಾಡ್ರಿ.”

ನಮ್ಮೂರಿನ ಓದುಗರಂತೆ! ಆದೋನಿ ಆಂಧ್ರಕ್ಕೆ ಸೇರಿದ ಮೇಲೆ ನಮ್ಮ ಮಕ್ಕಳು ಶಾಲೆಯಲ್ಲಿ ತೆಲುಗು ಅಕ್ಷರ ತಿದ್ದುತ್ತಾರೆ. ದೊಡ್ಡವರಲ್ಲಿ ಬಹಳ ಮಂದಿ ಯಾವ ಅಕ್ಷರವನ್ನೂ ತಿದ್ದಿದವರಲ್ಲ. ಹಾಗಾಗಿ ನನ್ನ ಓದುಗರೆಂದರೆ ಮಧ್ಯಾಹ್ನ ನಮ್ಮ ಜಗಲಿಯ ಮೇಲೆ ಕೂತು ಶ್ಯಾವಿಗೆ ಹೊಸೆಯುವ ಓಣಿಯ ಹೆಂಗಸರು. ನನ್ನ ಹೆಂಡತಿ ಆದಿಲಕ್ಷ್ಮಿ ಪೆದ್ದಹರಿವಾಣದ ಕನ್ನಡ ಮಾಸ್ತರರ ಮಗಳು. ಅವಳು ಓದಿ ಹೇಳುತ್ತಾಳೆ, ಅವರು ಕೇಳುತ್ತಾರೆ. ಆ ಹೊತ್ತಿಗೆ ನಾನು ಮಿಲ್ಲಿನಲ್ಲಿರುತ್ತೇನೆ.

ಆದರೆ ಅವರ ಅಭಿಪ್ರಾಯ ಸಂಜೆಗೆ ತಪ್ಪದೆ ತಟ್ಟೆಯಲ್ಲಿ ಬಂದು ತಲುಪುತ್ತಿತ್ತು. ಸಾಹುಕಾರನನ್ನು ಬಾವಿಗೆ ನೂಕಿದ ತಿಂಗಳು ಓಣಿಯ ಮುದುಕಿ ಲಿಂಗಕ್ಕನ ಮನೆಯಿಂದ ಒಗ್ಗರಣೆ ಮಂಡಕ್ಕಿ ಬಂತು. ಅವನ ತಮ್ಮನಿಗೆ ಕತ್ತಿ ಹಾಕಿದ ತಿಂಗಳು ಪಕ್ಕದ ಮನೆಯ ಗಾದಿಲಿಂಗಮ್ಮ ಎಣ್ಣೆಗಾಯಿ ಕಳಿಸಿದಳು. ಒಂದೇ ಪಂಕ್ತಿಯಲ್ಲಿ ಮೂವರಿಗೆ ವಿಷ ಉಣಿಸಿದಾಗಲಂತೂ ಶೇಂಗಾ ಹೋಳಿಗೆ, ಮೇಲೆ ತುಪ್ಪ! ಬೇರೆ ಲೇಖಕರು ಓದುಗರ ಅಭಿಪ್ರಾಯವನ್ನು ಬುದ್ಧಿಯಿಂದ ತೂಗಿ ನೋಡುತ್ತಾರೆ. ನಾನು ನಾಲಿಗೆಯಿಂದ ತೂಗಿದೆ. ಹೆಣ ಹೆಚ್ಚಿದಷ್ಟೂ ತುಪ್ಪ ಹೆಚ್ಚು ಎಂಬ ಸಿದ್ಧಾಂತಕ್ಕೆ ಬಂದೆ.

“ಚಂದ್ರಪ್ರಭಿನ್ನ ಕೊಂದುಬಿಡ್ತೀನಿ,” ಎಂದು ಹೆಂಡತಿಯ ಮುಂದೆ ಘೋಷಿಸಿದೆ.

“ಬ್ಯಾಡ್ರೀ. ಪಾಪ, ಆಕಿ ಏನು ಮಾಡ್ಯಾಳ ನಿಮಗ?”

“ಮಂದಿ ರಕ್ತ ಕೇಳಾಕತ್ಯಾರ. ಇಲ್ಲಾಂದ್ರ ಹೋಳಿಗಿ ಯಾಕ ಬರ್ತಿತ್ತು, ಹೇಳು?”

ಆದಿಲಕ್ಷ್ಮಿ ಹೋಳಿಗೆಯ ಖಾಲಿ ತಟ್ಟೆ ಎತ್ತಿಕೊಂಡಳು. “ನಿಮಗ ಹೇಳಾದೂ ಒಂದೇ, ಗೋಡಿಗೆ ಹೇಳಾದೂ ಒಂದೇ. ಗೋಡಿ ಆದ್ರ ತಿರುಗಿ ಮಾತಾಡಾದಿಲ್ಲ,” ಎಂದು ಒಳಗೆ ಹೋದಳು. ನಾನು ಚಂದ್ರಪ್ರಭೆಯನ್ನು ಕೊಂದು, ಮಣ್ಣು ಮಾಡಿ, ಬಳ್ಳಾರಿಗೆ ಕಳಿಸಿಬಿಟ್ಟೆ.

ಆ ಕೊನೆಯ ಕಂತು ಅಚ್ಚಾಗಿ ಬಂದ ದಿನ ಮಿಲ್ಲಿನ ಯಂತ್ರ ಕೆಟ್ಟಿತು. ಬೇಗ ಬಿಟ್ಟರು. ಹಿತ್ತಲ ಬಾಗಿಲಿನಿಂದ ಮನೆಗೆ ಬಂದರೆ ಜಗಲಿಯ ಮೇಲೆ ಓದು ನಡೆದಿತ್ತು. ನನ್ನ ಓದುಗರು ಬೆಚ್ಚಿಬೀಳುವ ಸದ್ದು ಕೇಳಬೇಕೆಂದು ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತೆ.

“‘ಮುಸುಕಿನವನು ಹೊಳೆಯುವ ಕತ್ತಿಯನ್ನು ಎತ್ತಿದನು,’” ಎಂದು ಓದಿದಳು ಆದಿಲಕ್ಷ್ಮಿ. (ಇಲ್ಲಿಯವರೆಗೆ ನನ್ನದೇ.) “‘ಎತ್ತಿ, ಹೀರೇಕಾಯಿ ಹೆಚ್ಚತೊಡಗಿದನು.’”

“ಮೊದಲೊಂದು ಸಲ ಬದನಿಕಾಯಿ ಹೆಚ್ಚಿದ್ನಲ್ಲ?” ಎಂದಳು ಗಾದಿಲಿಂಗಮ್ಮ. “ಆತ ಹೇಳಿದಂಗ ನಾನೂ ಎಣ್ಣೆಗಾಯಿ ಮಾಡಿದ್ನಿ. ಏಂ ರುಚಿ ಅಂತಿ!”

ಹಾಗಾದರೆ ಆ ಎಣ್ಣೆಗಾಯಿ? ಆ ಹೋಳಿಗೆ?

“ಅದಿರ್ಲಿ ಆದಿಲಕ್ಷ್ಮಿ,” ಎಂದಳು ಮುದುಕಿ ಲಿಂಗಕ್ಕ, “ಸಾಹುಕಾರ ಬಂದನೇನು?”

“ಇಲ್ಲ ಲಿಂಗಕ್ಕ. ಎಮ್ಮಿಗನೂರಿಗೆ ಸೀರಿ ತರಾಕ ಹೋಗ್ಯಾನಲ್ಲ.”

“ಆತನ್ನ ಹುಡುಕಾಕ ತಮ್ಮ ಹ್ವಾದ. ತಮ್ಮನ್ನ ಹುಡುಕಾಕ ಮತ್ತ ಮೂರು ಮಂದಿ ಹ್ವಾದ್ರು. ಒಂದು ಸೀರಿಗೆ ಐದು ಮಂದಿನ? ಒಬ್ರೂ ಬರವಲ್ರಲ್ಲ!”

“ಬಸ್ಸು ಕೆಟ್ಟೈತಂತ ಬರದಾರ.”

ನನ್ನ ಮೊದಲಿನ ಐದು ಕೊಲೆಗಳು! ಐದಕ್ಕೈದು ಹೆಣಗಳೂ ಎಮ್ಮಿಗನೂರಿನಲ್ಲಿ ಸೀರೆ ಆರಿಸುತ್ತ ಕೂತಿವೆ! ಸಿಟ್ಟು ನೆತ್ತಿಗೇರಿತು. ಹೊರಗೆ ನುಗ್ಗಿ, ಅವಳ ಕೈಯಿಂದ ಪತ್ರಿಕೆ ಕಿತ್ತುಕೊಂಡು, ನಿಜವಾದ ಕಥೆಯನ್ನು ನಾಟಕದ ರಾವಣನ ದನಿಯಲ್ಲಿ ಓದಿದೆ. ಕತ್ತಿ ಇಳಿಯಿತು. ಚಂದ್ರಪ್ರಭೆ ಬಿದ್ದಳು. ರಕ್ತ ಹೊಸ್ತಿಲು ದಾಟಿತು.

“ಚಾಲಣ್ಣಾ, ಚಾಲು! ಸಾಕು ಮಾಡು!” ಎಂದು ಗಾದಿಲಿಂಗಮ್ಮ ತೆಲುಗು ಬೆರೆಸಿ ಕೂಗಿದಳು. ನಾನು ಮಣ್ಣು ಮಾಡುವವರೆಗೂ ಬಿಡಲಿಲ್ಲ.

ತಲೆಯೆತ್ತಿ ನೋಡಿದರೆ ಯಾರ ಕೈಯಲ್ಲೂ ಶ್ಯಾವಿಗೆ ಆಡುತ್ತಿರಲಿಲ್ಲ. ಲಿಂಗಕ್ಕನ ಮಡಿಲಲ್ಲಿ ಅರಿಶಿನ ಕುಂಕುಮದ ತಟ್ಟೆಯಿತ್ತು. ಅವಳು ಅಳುತ್ತಿದ್ದಳು.

“ನಾಳೆ ನನ್ನ ಮೊಮ್ಮಗಳಿಗೆ ತೊಟ್ಲಾಗ ಹಾಕಾದೈತಿ. ನಿಮ್ಮಿಬ್ರನ್ನ ಕರಿಯಾಕ ಬಂದಿದ್ನಿ,” ಎಂದಳು. “ಮಗಳಿಗೆ ಮೊದಲಿನ ಎರಡೂ ಕೂಸು ದಕ್ಕಲಿಲ್ಲ ತಮ್ಮಾ. ಚಂದ್ರಪ್ರಭಿ ಎಂಥ ಗಂಡಾಂತರ ಬಂದ್ರೂ ಉಳಕೊಂತಾಳಲ್ಲ, ಆ ಹೆಸರು ಇಟ್ರ ಇದಾದ್ರೂ ಉಳದೀತು ಅಂತ... ನೀನು ಆಕಿನ್ನ ಮಣ್ಣು ಮಾಡಿದಿ.”

ನಾಚಿಕೆಯಾಯಿತು. ಭೂಮಿ ಬಾಯಿ ಬಿಟ್ಟಿದ್ದರೆ ಪತ್ರಿಕೆ ಸಮೇತ ಇಳಿದುಬಿಡುತ್ತಿದ್ದೆ. “ಸತ್ತಿಲ್ಲ ಲಿಂಗಕ್ಕ,” ಎಂದು ತೊದಲಿದೆ, “ಅದು... ಮೂರ್ಛೆ...”

“ಮೂರ್ಛೆ ಬಂದೋರನ್ನ ಯಾರಾದ್ರೂ ಮಣ್ಣು ಮಾಡ್ತಾರೇನಣ್ಣಾ?” ಎಂದಳು ಗಾದಿಲಿಂಗಮ್ಮ.

ಇಷ್ಟು ಜನರನ್ನು ಕೊಂದ ನನಗೆ ಒಬ್ಬಳನ್ನು ಬದುಕಿಸುವ ಒಂದು ವಾಕ್ಯ ಹೊಳೆಯಲಿಲ್ಲ. ಆದಿಲಕ್ಷ್ಮಿ ಮೆಲ್ಲಗೆ ಪತ್ರಿಕೆ ತೆಗೆದುಕೊಂಡಳು. ಪುಟ ತಿರುವಿ, ಗಂಟಲು ಸರಿಮಾಡಿಕೊಂಡು ಓದಿದಳು: “‘ಆದರೆ ಆ ಕತ್ತಿ ಹೀರೇಕಾಯಿ ಹೆಚ್ಚಿ ಹೆಚ್ಚಿ ಮೊಂಡಾಗಿತ್ತು. ಚಂದ್ರಪ್ರಭೆಗೆ ಗಾಯವೇ ಆಗಿರಲಿಲ್ಲ. ಎದ್ದು ಕೂತು, ಹಸಿವಾಗಿದೆ, ರೊಟ್ಟಿ ಹಾಕಿರಿ ಎಂದಳು.’”

ಜಗಲಿಯೇ ಉಸಿರುಬಿಟ್ಟಿತು. ಲಿಂಗಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಹಂಗನ್ನು ಮತ್ತ! ಈತಗ ಓದಾಕ ಬರಾದಿಲ್ಲೇನು?”

“ಇಲ್ಲ ಲಿಂಗಕ್ಕ,” ಎಂದಳು ನನ್ನ ಧರ್ಮಪತ್ನಿ. “ಇವರಿಗೆ ಬರಿಯಾಕಷ್ಟ ಬರ್ತೈತಿ.”

ಎಲ್ಲರೂ ಹೋದ ಮೇಲೆ ನಾನು, “ಮೊದಲಽ ಹೇಳಬಾರದಿತ್ತೇನ?” ಎಂದೆ.

“ಸಂಜಿಗೆ ಮನೀಗೆ ಹೋಗಿ ದೀಪ ಹಚ್ಚೋ ಹೆಂಗಸ್ರಿಗೆ ಹೆಣ ತೋರ್ಸಿ ಕಳಸಲೇನು? ನಿಮಗ ಹೇಳಿದ್ರ ನೀವು ಬರಿಯಾದು ಬಿಡ್ತಿದ್ರಿ. ಬರದಾಗಾದ್ರೂ ನೀವು ಖುಷಿಯಾಗಿರ್ತೀರಿ ಅಂತ ಸುಮ್ನಿದ್ನಿ,” ಎಂದಳು. ಇದನ್ನು ಕೇಳಿ ನಾಚಿಕೆ ಇಮ್ಮಡಿಯಾಯಿತು.

ಲಿಂಗಕ್ಕ ಹೊರಡುವ ಮುಂಚೆ ಶಿಕ್ಷೆಯನ್ನೂ ವಿಧಿಸಿದ್ದಳು. “ಬಾಣಂತಿಗೆ ಸೀರಿ ಬೇಕು. ನಿನ್ನ ಐದು ಮಂದಿ ತರಲಿಲ್ಲ. ನೀನಽ ಎಮ್ಮಿಗನೂರಿಗೆ ಹೋಗಿ ಜಲ್ದಿ ತಾ.” ಇಲ್ಲವೆನ್ನಲು ನನಗೆ ಮುಖವಿರಲಿಲ್ಲ. ಬೆಳಿಗ್ಗೆ ಬಸ್ಸು ಹತ್ತಿ, ಅಂಚಿಗೆ ಕೆಂಪು ಪಟ್ಟಿಯಿದ್ದ ಕೈಮಗ್ಗದ ಸೀರೆ ಆರಿಸಿ ತಿರುಗಿದೆ. ಬರುವ ದಾರಿಯಲ್ಲಿ ಬಸ್ಸು ಕೆಟ್ಟಿತು. ಖರೇ ಹೇಳುತ್ತೇನೆ, ಕೆಟ್ಟಿತು.

ಲಿಂಗಕ್ಕನ ಮನೆ ಮುಟ್ಟುವಾಗ ದೀಪ ಹಚ್ಚಿದ್ದರು. ಊಟ ಮುಗಿದು ಎಲೆಗಳೂ ಹೊರಬಿದ್ದಿದ್ದವು. ತೊಟ್ಟಿಲ ಪಕ್ಕದ ಮಣೆಯ ಮೇಲೆ, ಕಥೆಗಾರರಿಗೆಂದು ಹಾಸಿದ ಜಾಗದಲ್ಲಿ, ಆದಿಲಕ್ಷ್ಮಿ ಕೂತಿದ್ದಳು. ಚಂದ್ರಪ್ರಭೆಯನ್ನು ಬದುಕಿಸಿದವಳ ಹೆಸರೇ ಗಟ್ಟಿಯೆಂದು ಕೂಸಿಗೂ ಆದಿಲಕ್ಷ್ಮಿ ಎಂದೇ ಹೆಸರಿಟ್ಟಾಗಿತ್ತು. ಬೆವರಿಳಿಸುತ್ತ, ಕಂಕುಳಲ್ಲಿ ಸೀರೆಯ ಗಂಟು ಹಿಡಿದು ಬಾಗಿಲಲ್ಲಿ ನಿಂತ ನನ್ನನ್ನು ನೋಡಿ ಲಿಂಗಕ್ಕ ಗಲ್ಲದ ಮೇಲೆ ಕೈಯಿಟ್ಟಳು.

“ಅಯ್ಯ, ಬಂದ್ಯಾ! ಎಮ್ಮಿಗನೂರಿಗೆ ಹೋದೋರು ಯಾರು ತಿರುಗಿ ಬಂದಾರ ಅಂತ ನಿನ್ನ ಪಾಲಿನ ಹೋಳಿಗಿನೂ ಹಂಚಿಬಿಟ್ವಲ್ಲೋ ತಮ್ಮಾ!”